ಗುಳ್ಳದ ಮೈಮೇಲಿನ ಚೀಟಿ

ಉಡುಪಿಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಅಕ್ಕನ ಹತ್ತಿರ, ‘ಇದು ಮಟ್ಟುವಿನದ್ದೇ ಅಲ್ವಾ?’ ಎಂದು ಕೇಳಿದೆ. ಕೇಳಬಾರದಿತ್ತು. ಅವರು ಒಂದು ಗುಳ್ಳ ಬದನೆ ಎತ್ತಿ ನನ್ನ ಮೂಗಿನ ತನಕ ತಂದು, ‘ಕಾಣುದಿಲ್ವಾ? ಸ್ಟಿಕ್ಕರ್ ಉಂಟಲ್ಲ ಮಾರಾಯ್ರೆ’ ಎಂದರು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಆ ಸ್ಟಿಕ್ಕರಿನ ಕಡೆ ನೋಡಲೇ ಇಲ್ಲ. ತೊಟ್ಟಿನ ಮುಳ್ಳು ಮುಟ್ಟಿದರು, ಸಿಪ್ಪೆಯ ಮೇಲೆ ಹೆಬ್ಬೆರಳು ಆಡಿಸಿದರು, ಎರಡನ್ನು ಬದಿಗೆ ಸರಿಸಿ ನಾಲ್ಕನ್ನು ಆರಿಸಿ ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಚೀಟಿ ಓದಿ ಕೊಂಡುಕೊಂಡೆ.

ದುಂಡನೆಯ ತಿಳಿಹಸಿರು ಮೈ, ಅದರ ಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು, ತೆಳ್ಳಗಿನ ಸಿಪ್ಪೆ. ಮಟ್ಟುಗುಳ್ಳದ ಲಕ್ಷಣ ಬರೆದಿಟ್ಟರೆ ಇಷ್ಟೇ. ಆದರೆ ಪೆರಂಪಳ್ಳಿ ಗುಳ್ಳವೂ ದೂರದಿಂದ ಹೀಗೇ ಕಾಣುತ್ತದೆ. ಘಟ್ಟದ ಮೇಲಿನಿಂದ ಬರುವ ಗುಂಡು ಬದನೆಯನ್ನೂ ಗೊತ್ತಿಲ್ಲದವರಿಗೆ ಮಟ್ಟುವಿನದ್ದೆಂದು ದಾಟಿಸಬಹುದು. ಕಾಪು ತಾಲೂಕಿನ ಮಟ್ಟು ಎಂಬ ಊರು ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಹೊಳೆ ಇರುವ ಮರಳು ಮಣ್ಣಿನ ಪಟ್ಟಿ. ಸೋದೆ ಮಠದ ವಾದಿರಾಜರು ಅಲ್ಲಿಯವರಿಗೆ ಈ ಬೀಜ ಕೊಟ್ಟರೆಂಬ ಐತಿಹ್ಯ ಕೇಳದ ಉಡುಪಿಯವರಿಲ್ಲ. ಉಡುಪಿ ಕೃಷ್ಣಮಠದ ಪರ್ಯಾಯದ ಅಡುಗೆಗೆ ಅಲ್ಲಿಯ ಗುಳ್ಳವೇ ಆಗಬೇಕು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಹೆಸರಿಗೆ ಬೆಲೆ ಬಂದ ಮೇಲೆ ಹೆಸರು ಕದಿಯುವವರೂ ಬರುತ್ತಾರೆ. ಹಾಗಾಗಿ ಬೆಳೆಗಾರರ ಸಂಘದವರು ಗುಳ್ಳದ ಮೈಗೆ ಸ್ಟಿಕ್ಕರ್ ಅಂಟಿಸುವ ದಾರಿ ಹಿಡಿದರು.

ಈ ಗುಳ್ಳದ ಗುರುತಿನ ಪ್ರಶ್ನೆ ಮಾರುಕಟ್ಟೆಗೆ ಮಾತ್ರ ಸೇರಿದ್ದಲ್ಲ ಎಂಬುದನ್ನು ನಾವು ಬೇಗ ಮರೆತೆವು. ಮಹಿಕೊ ಕಂಪನಿಯ ಜೊತೆ ಸೇರಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕುಲಾಂತರಿ ಬಿಟಿ ಬದನೆಗಾಗಿ ಬಳಸಿದ ಸ್ಥಳೀಯ ತಳಿಗಳ ಪಟ್ಟಿಯಲ್ಲಿ ಉಡುಪಿ ಗುಳ್ಳದ ಹೆಸರೂ ಇತ್ತು. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಸ್ಥಳೀಯರನ್ನು ಕೇಳದೆ ತಳಿ ಬಳಸಿದ್ದು ಜೀವವೈವಿಧ್ಯ ಕಾಯ್ದೆಗೆ ವಿರುದ್ಧವೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತು. ‘ಇದು ಯಾರದ್ದು?’ ಎಂಬ ಪ್ರಶ್ನೆ ಬುಟ್ಟಿಯ ಅಕ್ಕನಿಂದ ಹೊರಟು ಪ್ರಯೋಗಾಲಯದ ತನಕ ಹೋಗುತ್ತದೆ. ಅಷ್ಟು ದೊಡ್ಡ ಪ್ರಶ್ನೆಗೆ ನಾವು ಉತ್ತರವಾಗಿ ಇಟ್ಟಿರುವುದು ಎಂಟಾಣೆ ಗಾತ್ರದ ಒಂದು ಕಾಗದ.

ಕಾಗದದ ಬದಲು ಚಿಪ್ ಅಂಟಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆರ್‌ಎಫ್‌ಐಡಿ ಎಂಬ ಹೆಸರು ಹೇಳಿದರೆ ಹುಬ್ಬು ಗಂಟಿಕ್ಕುವ ಓದುಗರಿಗೆ ಒಂದು ಮಾತು: ನಿಮ್ಮ ಕಾರಿಗೆ ಫಾಸ್ಟ್ಯಾಗ್ ಇದ್ದರೆ ಅದು ಈಗಾಗಲೇ ನಿಮ್ಮ ಕಣ್ಣೆದುರಿಗೇ, ಮುಂದಿನ ಗಾಜಿನ ಮೇಲೇ ಇದೆ. ಹೆಜಮಾಡಿಯಲ್ಲೋ ಸಾಸ್ತಾನದಲ್ಲೋ ಗೇಟು ತಾನಾಗಿ ಏಳುವುದು ಅದರ ದೆಸೆಯಿಂದ. ಒಳಗೆ ಬ್ಯಾಟರಿ ಇಲ್ಲ. ಒಂದು ಕೂದಲೆಳೆಯಂಥ ಲೋಹದ ಆಂಟೆನಾ, ನಡುವೆ ಸಾಸಿವೆಗಿಂತ ಚಿಕ್ಕ ಚಿಪ್. ಮೇಲೆ ತೂಗುಹಾಕಿದ ಯಂತ್ರ 865ರಿಂದ 867 ಮೆಗಾಹರ್ಟ್ಸ್ ನಡುವೆ ರೇಡಿಯೊ ಅಲೆ ಹರಿಸುತ್ತದೆ. ಆ ಅಲೆಯಲ್ಲೇ ಚೂರು ಶಕ್ತಿ ಹೀರಿಕೊಂಡು ಚಿಪ್ ಎಚ್ಚರಗೊಂಡು ತನ್ನ ಸಂಖ್ಯೆ ಹೇಳಿ ಮತ್ತೆ ಮಲಗುತ್ತದೆ. 2021ರ ಫೆಬ್ರುವರಿ ಮಧ್ಯದಿಂದ ಫಾಸ್ಟ್ಯಾಗ್ ಕಡ್ಡಾಯ. ಕರಾವಳಿಯ ಹೆಚ್ಚಿನವರು ಕೈಯಾರೆ ಕೊಂಡ ಮೊದಲ ರೇಡಿಯೊ ಚೀಟಿ ಇದೇ ಇರಬೇಕು.

ಬಾರ್‌ಕೋಡಿಗೂ ಇದಕ್ಕೂ ಏನು ವ್ಯತ್ಯಾಸ? ಬಾರ್‌ಕೋಡ್ ಜಾತಿ ಹೇಳುತ್ತದೆ, ಇದು ವ್ಯಕ್ತಿಯನ್ನೇ ಹೇಳುತ್ತದೆ. 1974ರ ಜೂನ್ 26ರಂದು ಅಮೆರಿಕದ ಒಹಾಯೊದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣವೊಂದನ್ನು ಸ್ಕ್ಯಾನ್ ಮಾಡಿದಾಗ ಯಂತ್ರಕ್ಕೆ ತಿಳಿದದ್ದು ಅದು ಇಂಥ ಕಂಪನಿಯ ಇಂಥ ಗಮ್ ಎಂದಷ್ಟೆ. ಅದೇ ಗಮ್ಮಿನ ಸಾವಿರ ಪೊಟ್ಟಣಕ್ಕೂ ಅದೇ ಗೆರೆ. 1999ರಲ್ಲಿ ಎಂಐಟಿಯಲ್ಲಿ ಆಟೊ-ಐಡಿ ಸೆಂಟರ್ ಕಟ್ಟಿದ ಕೆವಿನ್ ಆ್ಯಷ್ಟನ್, ಐಐಟಿ ಕಾನ್ಪುರದಲ್ಲಿ ಓದಿ ಹೋದ ಸಂಜಯ್ ಸರ್ಮಾ ಮೊದಲಾದವರಿಗೆ ಇದು ಸಾಲಲಿಲ್ಲ. ಪ್ರತಿ ಪೊಟ್ಟಣಕ್ಕೂ ತನ್ನದೇ ಸಂಖ್ಯೆ ಬೇಕು ಎಂದರು, ನಮ್ಮ ಆಧಾರ್ ಇದ್ದ ಹಾಗೆ. ಆ್ಯಷ್ಟನ್ ಅದಕ್ಕೂ ಮೊದಲು ಸೋಪು, ಲಿಪ್‌ಸ್ಟಿಕ್ ಮಾರುವ ಕಂಪನಿಯಲ್ಲಿದ್ದವರು. ಒಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯ ಕಪಾಟಿನಲ್ಲಿ ಯಾವಾಗ ನೋಡಿದರೂ ಖಾಲಿ ಏಕೆ ಎಂಬ ಕಿರಿಕಿರಿಯಿಂದ ಅವರ ತಲೆಗೆ ಈ ಹುಳ ಹೊಕ್ಕಿತು. ಗಮನಿಸಿ, ಕಿರಿಕಿರಿ ಅಂಗಡಿಯವನದ್ದು. ಕೊಳ್ಳುವವನದ್ದಲ್ಲ.

ಬಾರ್‌ಕೋಡಿನ ಮಾತು ಬಂತೆಂದು ಹೇಳುತ್ತೇನೆ: 890ರಿಂದ ಶುರುವಾದರೆ ಅದು ಭಾರತದಲ್ಲಿ ತಯಾರಾದದ್ದು ಎಂಬ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಆಗಾಗ ಸುತ್ತುತ್ತದೆ. ತಪ್ಪು. ಆ ಕಂಪನಿ ತನ್ನ ಸಂಖ್ಯೆಯನ್ನು ಜಿಎಸ್1 ಇಂಡಿಯಾದಿಂದ ಪಡೆದಿದೆ ಎಂದಷ್ಟೇ ಅದರ ಅರ್ಥ. ಮಾಲು ಎಲ್ಲಿ ತಯಾರಾಯಿತೆಂದು ಅದು ಹೇಳುವುದೇ ಇಲ್ಲ.

ಮಣಿಪಾಲದಲ್ಲಿ ಓದುವ ನನ್ನ ತಂಗಿಯ ಮಗಳು ಕಳೆದ ಬಾರಿ ಮನೆಗೆ ಬಂದಾಗ ಹೊಸ ಟಿ-ಶರ್ಟಿನಿಂದ ಕತ್ತರಿಸಿದ ಲೇಬಲ್ಲೊಂದನ್ನು ದೀಪಕ್ಕೆ ಹಿಡಿದು ತೋರಿಸಿದಳು. ಒಳಗೆ ರಂಗೋಲಿಯ ಎಳೆಯಂತೆ ಮಡಚಿ ಮಡಚಿ ಹೋದ ಬೆಳ್ಳಿ ಗೆರೆ. ‘ಮಾವ, ನೋಡಿ, ಅಂಗಡಿಯಲ್ಲಿ ಎಲ್ಲ ಬಟ್ಟೆ ಒಟ್ಟಿಗೆ ಬುಟ್ಟಿಗೆ ಹಾಕಿದರೆ ಸಾಕು, ಬಿಲ್ ತಾನಾಗಿ ಆಗ್ತದೆ.’ ಹಾಗಾದರೆ ನಿನ್ನ ಫೋನಿನಲ್ಲಿ ಓದು ನೋಡುವ ಎಂದೆ. ಫೋನನ್ನು ಹತ್ತಿರ ತಂದಳು, ತಿರುಗಿಸಿದಳು, ಉಜ್ಜಿದಳು. ಫೋನ್ ಮೂಗನ ಹಾಗೆ ಕೂತಿತು.

ಫೋನಿನ ದೋಷ ಅಲ್ಲ. ಬಟ್ಟೆ ಅಂಗಡಿಯ ಚೀಟಿ ಫಾಸ್ಟ್ಯಾಗಿನ ದಾಯಾದಿ. ಅದು ಮಾತಾಡುವುದು ಆ ಎತ್ತರದ ಸ್ವರದಲ್ಲಿ, ಕೆಲವು ಮೀಟರ್ ದೂರದ ತನಕ. ನಮ್ಮ ಸ್ಮಾರ್ಟ್‌ಫೋನಿನಲ್ಲಿರುವುದು ಎನ್‌ಎಫ್‌ಸಿ. ಅದರ ಸ್ವರ 13.56 ಮೆಗಾಹರ್ಟ್ಸ್, ಕೇಳಿಸುವ ದೂರ ನಾಲ್ಕು ಬೆರಳು. ಮೆಟ್ರೊ ಕಾರ್ಡ್, ಪಾಸ್‌ಪೋರ್ಟಿನ ಚಿಪ್, ಮುಟ್ಟಿಸಿ ದುಡ್ಡು ಕೊಡುವ ಬ್ಯಾಂಕ್ ಕಾರ್ಡ್ ಇವೆಲ್ಲ ಆ ಪಂಗಡ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದೂ ಇರುವುದಿಲ್ಲ. ಹಾಗಾಗಿ ನಾವು ದುಡ್ಡು ಕೊಟ್ಟು ಮನೆಗೆ ತಂದ ಅಂಗಿಯ ಚೀಟಿಯನ್ನು ಅಂಗಡಿಯವರು ಓದಬಲ್ಲರು, ಗೋದಾಮಿನವರು ಓದಬಲ್ಲರು, ನಾವು ಓದಲಾರೆವು. ನನ್ನ ತಕರಾರು ಇಷ್ಟೇ, ಈ ಬರಹದುದ್ದಕ್ಕೂ ಅದನ್ನೇ ಹೇಳುತ್ತೇನೆ. ಚೀಟಿ ಬೇಡ ಎನ್ನುವವನಲ್ಲ ನಾನು. ಅದನ್ನು ಓದುವ ಹಕ್ಕು ಯಾರ ಕೈಯಲ್ಲಿದೆ ಎಂದು ಕೇಳುವವನು.

ಓದಿಸಿಕೊಳ್ಳುವ ಕಡೆ ನಿಂತರೆ ಹೇಗಿರುತ್ತದೆ ಎಂಬುದರ ಅನುಭವ ನನಗಾಗಿದೆ. ಒಂದು ಭಾನುವಾರ ಕಾರು ಮನೆಯ ಚಪ್ಪರದ ಅಡಿ ನಿಂತಿದೆ, ನಾನು ಊಟ ಮಾಡಿ ಕಾಲು ಚಾಚಿದ್ದೇನೆ. ಫೋನಿಗೆ ಸಂದೇಶ: ಇಂಥ ಟೋಲಿನಲ್ಲಿ ಇಷ್ಟು ರೂಪಾಯಿ ಕಡಿತ. ನಾನು ಆ ಊರಿನ ಕಡೆ ತಲೆ ಹಾಕದೆ ತಿಂಗಳಾಗಿತ್ತು. ಸಹಾಯವಾಣಿಗೆ ಕರೆ ಮಾಡಿದರೆ, ‘ಸರ್, ಆ ಹೊತ್ತಿಗೆ ನಿಮ್ಮ ಗಾಡಿ ಅಲ್ಲಿರಲಿಲ್ಲ ಎಂಬುದಕ್ಕೆ ಪುರಾವೆ ಕಳಿಸಿ’ ಎಂದರು. ಇಲ್ಲದ್ದಕ್ಕೆ ಪುರಾವೆ ಎಲ್ಲಿಂದ ತರಲಿ? ಚಪ್ಪರದ ಅಡಿಯ ಕಾರಿನ ಫೋಟೊ ತೆಗೆದು ಕಳಿಸಿದೆ. ಮೂರು ವಾರದ ಮೇಲೆ ದುಡ್ಡು ವಾಪಸ್ ಬಂತೆನ್ನಿ. ಆದರೆ ಯಂತ್ರ ಹೇಳಿದ್ದು ಸಾಕ್ಷಿ, ನಾನು ಹೇಳಿದ್ದು ದೂರು. ಇದು ಮನಸ್ಸಿನಿಂದ ಹೋಗಿಲ್ಲ.

ವಿದೇಶದಲ್ಲಿ ಇದರ ಬಗ್ಗೆ ಜಗಳ ಹಳೆಯದು. 2003ರಲ್ಲಿ ಬೆನೆಟನ್ ಬಟ್ಟೆಗಳಿಗೆ ಇಂಥ ಚೀಟಿ ಹೊಲಿಸುವ ಸುದ್ದಿ ಬಂದಾಗ ಗ್ರಾಹಕರ ಸಂಘಟನೆಯೊಂದು ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಮಾರಿದ ಮೇಲೆ ಚಿಪ್ಪಿನ ಬಾಯಿ ಶಾಶ್ವತವಾಗಿ ಮುಚ್ಚಿಸುವ ಆಜ್ಞೆಯೊಂದು ಈ ತಂತ್ರಜ್ಞಾನದ ನಿಯಮದಲ್ಲೇ ಇದೆ. ನಮ್ಮಲ್ಲಿ ಅಂಗಡಿಯವರಾಗಲಿ ಕೊಳ್ಳುವವರಾಗಲಿ ಅದರ ಮಾತೆತ್ತಿದ್ದು ನಾನು ಕೇಳಿಲ್ಲ. ನಾವು ಲೇಬಲ್ ಕತ್ತರಿಸಿ ಕಸದ ಬುಟ್ಟಿಗೆ ಹಾಕುತ್ತೇವೆ, ಅದೂ ಕುತ್ತಿಗೆಗೆ ಚುಚ್ಚುತ್ತದೆ ಎಂದು.

ಹಾಗಂತ ಕೊಳ್ಳುವವರ ಕೈಗೆ ಏನೂ ಸಿಕ್ಕಿಲ್ಲ ಎಂದರೆ ಸುಳ್ಳಾಗುತ್ತದೆ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಚಿನ್ನಕ್ಕೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಕಡ್ಡಾಯ. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಅದನ್ನು ಹಾಕಿದರೆ ಶುದ್ಧತೆ ಎಷ್ಟು, ಎಲ್ಲಿ ಪರೀಕ್ಷೆಯಾಯಿತು, ಯಾರು ಮಾಡಿಸಿದರು ಎಂಬುದೆಲ್ಲ ಬರುತ್ತದೆ. ರೇಡಿಯೊ ಇಲ್ಲ, ಚಿಪ್ ಇಲ್ಲ, ಒಂದು ಭೂತಕನ್ನಡಿ ಬೇಕು ಅಷ್ಟೆ. ಮದುವೆಗೆ ಬಂಗಾರ ಮಾಡಿಸುವ ಎಷ್ಟು ಮನೆಯವರು ಅದನ್ನು ಹಾಕಿ ನೋಡಿದ್ದಾರೆ? ಅದೇ ವರ್ಷದ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡಿನ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಬಂತು. ಔಷಧಿಯ ಮೂಲ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಪರವಾನಗಿ ಸಂಖ್ಯೆ ಅದರಲ್ಲಿರಬೇಕು. ಅಮ್ಮನ ಬಿಪಿ ಮಾತ್ರೆಯ ಪಟ್ಟಿಯನ್ನು ಸ್ಕ್ಯಾನ್ ಮಾಡಿದೆ. ಎಲ್ಲವೂ ಬಂತು, ಎಲ್ಲವೂ ಇಂಗ್ಲಿಷಿನಲ್ಲಿ. ಪಟ್ಟಿಯ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇಂಗ್ಲಿಷಿನಲ್ಲಿ ಇದ್ದದ್ದು ಈಗ ಫೋನಿನಲ್ಲಿ ದೊಡ್ಡದಾಗಿ ಇಂಗ್ಲಿಷಿನಲ್ಲಿ ಕಂಡಿತು. ಅಮ್ಮ ಕನ್ನಡಕ ಏರಿಸಿ ನೋಡಿ, ‘ಬೆಳಗ್ಗೆಯದ್ದಾ ರಾತ್ರಿಯದ್ದಾ ಅಂತ ಇದರಲ್ಲಿ ಬರೆದಿದ್ದಾರಾ?’ ಎಂದು ಕೇಳಿದರು. ಬರೆದಿರಲಿಲ್ಲ.

ಈ ತಂತ್ರಜ್ಞಾನ ನಿಜಕ್ಕೂ ಯಾರಿಗೆ ಬೇಕು ಎಂಬುದು ನನಗೆ ಅರ್ಥವಾದದ್ದು ಅಂಗಡಿಯಲ್ಲಲ್ಲ, ಕುಂಜಿಬೆಟ್ಟಿನ ಒಂದು ಅಡುಗೆಮನೆಯಲ್ಲಿ. ನನ್ನ ಪರಿಚಯದ ನಿವೃತ್ತ ಮೇಷ್ಟ್ರು. ಕಣ್ಣು ಹೋಗಿ ಕೆಲವು ವರ್ಷವಾಯಿತು. ಮನೆಯಲ್ಲಿ ಒಬ್ಬರೇ ಇರುವ ಹೊತ್ತು ಹೆಚ್ಚು, ಅಡುಗೆಯ ಹುಚ್ಚು ಬಿಟ್ಟಿಲ್ಲ. ‘ಸಾಸಿವೆ ಡಬ್ಬಿ ಅಲ್ಲಾಡಿಸಿದರೆ ಗೊತ್ತಾಗ್ತದೆ. ಜೀರಿಗೆ ಮೂಸಿದರೆ ಗೊತ್ತಾಗ್ತದೆ. ಕಷ್ಟ ಯಾವುದು ಗೊತ್ತುಂಟಾ? ಮಾತ್ರೆ. ಅದಕ್ಕೆ ಸದ್ದೂ ಇಲ್ಲ, ವಾಸನೆಯೂ ಇಲ್ಲ’ ಎನ್ನುತ್ತಾರೆ. ಮೊದಲು ರಬ್ಬರ್ ಬ್ಯಾಂಡ್ ಲೆಕ್ಕ ಇಟ್ಟಿದ್ದರು: ಬಿಪಿಗೆ ಒಂದು, ಶುಗರಿಗೆ ಎರಡು. ಬ್ಯಾಂಡ್ ಕಡಿದು ಬಿದ್ದ ದಿನ ಎಲ್ಲವೂ ಕಲಸಿಹೋಯಿತು.

ಬೆಂಗಳೂರಿನಲ್ಲಿರುವ ಅವರ ಮಗಳು ಅಂಟಿಸಬಹುದಾದ ಎನ್‌ಎಫ್‌ಸಿ ಬಿಲ್ಲೆಗಳನ್ನು ತರಿಸಿ ತಂದಳು, ಒಂದಕ್ಕೆ ಇಪ್ಪತ್ತು ಮೂವತ್ತು ರೂಪಾಯಿಯವು. ಪ್ರತಿ ಬಿಲ್ಲೆಯಲ್ಲೂ ಫೋನಿನಿಂದ ಒಂದು ಸಾಲು ಕನ್ನಡ ಬರೆದಳು. ಫೋನನ್ನು ಮುಟ್ಟಿಸಿದರೆ ಅದರೊಳಗಿನ ಓದುವ ದನಿ, ‘ಶುಗರ್ ಮಾತ್ರೆ, ಬೆಳಗ್ಗೆ ತಿಂಡಿಗೆ ಮೊದಲು ಒಂದು’ ಎನ್ನುತ್ತದೆ. ಮೊದಲ ದಿನವೇ ಎಡವಟ್ಟಾಯಿತು. ಮಗಳು ಉತ್ಸಾಹದಲ್ಲಿ ಅಡುಗೆಮನೆಯ ಡಬ್ಬಿಗಳಿಗೂ ಅಂಟಿಸಿದ್ದಳು. ಒಂದೂ ಮಾತಾಡಲಿಲ್ಲ. ನಮ್ಮ ಅಡುಗೆಮನೆಯೆಂದರೆ ಸ್ಟೀಲು, ಲೋಹದ ಮೈಗೆ ಅಂಟಿಕೊಂಡ ಚೀಟಿಗೆ ಫೋನಿನ ಅಲೆ ಸಿಗುವುದಿಲ್ಲ. ಲೋಹಕ್ಕೆಂದೇ ಹಿಂಬದಿಗೆ ಬೇರೆ ಪದರ ಹಾಕಿದ ಚೀಟಿ ಸಿಗುತ್ತದೆ, ದುಬಾರಿ. ಮೇಷ್ಟ್ರು ಅದಕ್ಕೆ ಕಾಯಲಿಲ್ಲ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ, ಅದಕ್ಕೆ ಬಿಲ್ಲೆ ಅಂಟಿಸಿ, ದಾರ ಕಟ್ಟಿ ಡಬ್ಬಿಯ ಕುತ್ತಿಗೆಗೆ ತಾಳಿಯ ಹಾಗೆ ನೇತುಹಾಕಿದರು. ಕೈಯಲ್ಲಿ ಹಿಡಿದು ಫೋನಿಗೆ ಮುಟ್ಟಿಸುವುದು. ಈಗ ಅವರ ಮನೆಯ ಮೆಣಸಿನ ಪುಡಿ ತನ್ನ ಹೆಸರು ತಾನೇ ಹೇಳುತ್ತದೆ. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ತಂದ ‘ಮಣಿ’ ಆ್ಯಪ್ ಕೂಡ ಅವರ ಫೋನಿನಲ್ಲಿದೆ. ಅದಕ್ಕೆ ಇಂಟರ್‌ನೆಟ್ ಬೇಡ. ಆಟೊದವರಿಗೆ ದುಡ್ಡು ಕೊಡುವ ಮೊದಲು ಕ್ಯಾಮೆರಾಕ್ಕೆ ತೋರಿಸಿಯೇ ಕೊಡುತ್ತಾರೆ. ‘ಈಗ ಯಾರೂ ನೂರು ಅಂತ ಹೇಳಿ ಐನೂರು ತೆಗೊಳ್ಳುದಿಲ್ಲ. ಮೊದಲೂ ಯಾರೂ ತೆಗೊಂಡಿರಲಿಕ್ಕಿಲ್ಲ. ಆದರೆ ಈಗ ನನಗೆ ಗೊತ್ತುಂಟು.’

ಮೇಷ್ಟ್ರ ಮನೆಯ ಆ ಚೀಟಿಯಲ್ಲಿ ಏನಿರಬೇಕೆಂದು ತೀರ್ಮಾನಿಸಿದವರು ಅದನ್ನು ಓದುವವರೇ. ಕಂಪನಿಯಲ್ಲ, ಟೋಲಿನವರಲ್ಲ. ಭಾಷೆಯೂ ಅವರದ್ದೇ.

ಎಲ್ಲಕ್ಕೂ ಚೀಟಿ ಅಂಟಿಸಲಿಕ್ಕಾಗದು ಎಂಬುದೂ ಹೇಳಬೇಕು. ಶಂಕರಪುರದ ಮಲ್ಲಿಗೆಗೆ ಏನು ಅಂಟಿಸುತ್ತೀರಿ? ಬೆಳಗಾಗುವ ಮೊದಲು ಕೊಯ್ದು ಬಾಳೆಯ ನಾರಿನಲ್ಲಿ ಕಟ್ಟಿದ ಮೊಗ್ಗು. ಎಂಟುನೂರಕ್ಕೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮರುದಿನಕ್ಕೆ ಅದರ ಕಥೆ ಮುಗಿಯಿತು. ಫೋನ್ ಅಲ್ಲಿಗೂ ಬಂದಿದೆ, ಆದರೆ ಹೂವನ್ನು ಗುರುತಿಸಲು ಅಲ್ಲ, ಆ ದಿನದ ಅಟ್ಟೆಯ ದರ ತಿಳಿಯಲು. ಜಾಜಿಯನ್ನು ಮಲ್ಲಿಗೆಯೆಂದು ಕೊಟ್ಟರೆ ನಮ್ಮ ಹೆಂಗಸರು ಚಿಪ್ ಹುಡುಕುವುದಿಲ್ಲ, ಮುಖದ ಮೇಲೆಯೇ ಹೇಳುತ್ತಾರೆ. ಮಲ್ಪೆಯ ಬಂಗುಡೆಗೂ ಹಾಗೆಯೇ. ನೀರು ಫಾಸ್ಟ್ಯಾಗಿನಂಥ ಎತ್ತರದ ಸ್ವರದ ಅಲೆಯನ್ನು ಹೀರಿಬಿಡುತ್ತದೆ. ಮೀನೆಂದರೆ ನೀರು, ಕರಗುವ ಐಸೆಂದರೆ ನೀರು, ಗುಳ್ಳವೆಂದರೂ ಮುಕ್ಕಾಲಿಗಿಂತ ಹೆಚ್ಚು ನೀರೇ. ಅಲ್ಲಿ ಕಿವಿರು ಎತ್ತಿ ನೋಡುವ ಬೆರಳೇ ಯಂತ್ರ. ಮೀನಿನ ಅಕ್ಕಂದಿರ ಬುಟ್ಟಿಯ ಪಕ್ಕ ಕ್ಯೂಆರ್ ಕೋಡ್ ನಿಂತಿದೆ ನಿಜ. ಅದು ಮೀನನ್ನು ಗುರುತಿಸುವುದಿಲ್ಲ, ಅವರ ಬ್ಯಾಂಕ್ ಖಾತೆಯನ್ನು ಗುರುತಿಸುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಆ ಚೌಕುಳಿ ಚಿತ್ರ ಮಾಡಿದ್ದು ಕಾರಿನ ಬಿಡಿಭಾಗ ಗುರುತಿಸಲು. ಅದು ಬೂತಾಯಿಯ ಬುಟ್ಟಿಯ ತನಕ ಬಂದೀತೆಂದು ಅವರು ಎಣಿಸಿರಲಿಕ್ಕಿಲ್ಲ.

ಈಗ ಕಾರ್ಕಳಕ್ಕೆ ಬರುತ್ತೇನೆ. ಅಲ್ಲಿಯ ಕದಿಕೆ ಟ್ರಸ್ಟಿನವರು ಮುಳುಗುತ್ತಿದ್ದ ಉಡುಪಿ ಸೀರೆಯ ನೇಯ್ಗೆಯನ್ನು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಎತ್ತಿ ನಿಲ್ಲಿಸಿದವರು. ಅಡಿಕೆ ಚೊಗರಿನ ಬಣ್ಣ ಹಾಕಿದ ಸೀರೆ ಬಂದದ್ದೂ ಅವರಿಂದ. ಅವರು ಮಾಡಿದ ಇನ್ನೊಂದು ಕೆಲಸಕ್ಕೆ ಇಂಟರ್‌ನೆಟ್ಟೂ ಬೇಕಿಲ್ಲ, ಬ್ಯಾಟರಿಯೂ ಬೇಕಿಲ್ಲ. ಸೀರೆಗೆ ಕಟ್ಟಿದ ಕಾಗದದ ಚೀಟಿಯಲ್ಲಿ ಅದನ್ನು ನೇಯ್ದವರ ಹೆಸರು ಮತ್ತು ಫೋಟೊ. ಸೀರೆ ಬಿಡಿಸುವ ಮೊದಲು ಒಂದು ಮುಖ ನೋಡುತ್ತೀರಿ. ಸೀರೆ ಉಟ್ಟವರು ನೇಯ್ದವರ ಸುದ್ದಿ ಕೇಳುತ್ತಾರೆ. ತಪ್ಪಿದ್ದರೆ ಯಾರನ್ನು ಕೇಳಬೇಕೆಂದೂ ತಿಳಿಯುತ್ತದೆ. ಕೋಟಿ ಕೋಟಿ ಚಿಪ್ಪುಗಳಲ್ಲಿ ಇಲ್ಲದ ಒಂದು ವಿವರ ಅದು. ಅಂದಹಾಗೆ ಕಾರ್ಕಳಕ್ಕೆ ಈ ವಿದ್ಯೆ ಹೊಸತಲ್ಲ. ಬೆಟ್ಟದ ಮೇಲಿನ 42 ಅಡಿಯ ಗೊಮ್ಮಟನನ್ನು ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದನೆಂದು ನಮಗೆ ಗೊತ್ತಿರುವುದು ಪಕ್ಕದಲ್ಲೇ ಕೊರೆಸಿಟ್ಟ ಶಾಸನದಿಂದ.

ಬುಟ್ಟಿಯ ಅಕ್ಕನ ಹತ್ತಿರ ಮತ್ತೆ ಹೋಗೋಣ. ಕಾಗದದ ಸ್ಟಿಕ್ಕರನ್ನು ಯಾವ ಪ್ರೆಸ್ಸಿನಲ್ಲೂ ನಕಲು ಮಾಡಬಹುದು. ಕ್ಯೂಆರ್ ಹಾಕಿದರೂ ಅದರ ಫೋಟೊ ತೆಗೆದು ಸಾವಿರ ಮುದ್ರಿಸಬಹುದು. ಎನ್‌ಎಫ್‌ಸಿಯಲ್ಲಿ ಮಾತ್ರ, ಮುಟ್ಟಿದಾಗಲೆಲ್ಲ ಬೇರೆ ಬೇರೆ ಗುಪ್ತ ಉತ್ತರ ಕೊಡುವ ಚಿಪ್ ಇದೆ, ಕಿತ್ತರೆ ಆಂಟೆನಾ ಹರಿಯುವ ಚೀಟಿಯೂ ಇದೆ. ಅದನ್ನು ನಕಲು ಮಾಡುವುದು ಸುಲಭವಲ್ಲ. ಆದರೆ ಒಂದು ಬದನೆಗೆ ಅದರ ಬೆಲೆಗೆ ಹತ್ತಿರದ ಚೀಟಿ ಅಂಟಿಸುವ ಬುದ್ಧಿವಂತಿಕೆ ಯಾರಿಗೂ ಬೇಡ. ಇನ್ನು ಅಂಥ ಚಿಪ್ಪೂ ‘ನಾನು ಅಸಲಿ ಚಿಪ್’ ಎಂದು ಹೇಳುತ್ತದೆಯೇ ಹೊರತು ‘ಕೆಳಗಿರುವ ಬದನೆ ಅಸಲಿ’ ಎನ್ನುವುದಿಲ್ಲ. ಅದನ್ನು ಹೇಳಬೇಕಾದವರು ಅಂಟಿಸಿದ ಕೈಯವರು.

ಆದ್ದರಿಂದ ಮಟ್ಟುವಿನ ಬೆಳೆಗಾರರಲ್ಲಿ ಒಂದು ವಿನಂತಿ. ಮುಂದಿನ ಸಲ ಸ್ಟಿಕ್ಕರ್ ಅಚ್ಚು ಹಾಕಿಸುವಾಗ ಚಿಪ್ಪಿನ ಏಜೆಂಟರು ಬಂದರೆ ಅವರಿಗೆ ಚಾ ಕೊಟ್ಟು ಕಳಿಸಿ. ನಿಮ್ಮ ಗದ್ದೆಯ ಹೆಸರು, ಕೊಯ್ದ ದಿನ, ನಿಮ್ಮ ಸಂಘದ ಫೋನ್ ಸಂಖ್ಯೆ, ಇಷ್ಟನ್ನು ದಪ್ಪ ಕನ್ನಡ ಅಕ್ಷರದಲ್ಲಿ ಹಾಕಿಸಿ. ಪಕ್ಕದಲ್ಲಿ ಒಂದು ಕ್ಯೂಆರ್ ಇರಲಿ, ಸ್ಕ್ಯಾನ್ ಮಾಡಿದರೆ ಅದೇ ವಿವರವನ್ನು ಕುಂಜಿಬೆಟ್ಟಿನ ಮೇಷ್ಟ್ರಿಗೂ ಕೇಳುವ ಹಾಗೆ ಕನ್ನಡದಲ್ಲಿ ಓದಿ ಹೇಳಲಿ. ನನ್ನಂಥವರು ಅದನ್ನು ನೋಡಿ ಕೊಳ್ಳುತ್ತೇವೆ. ತೊಟ್ಟು ಮುಟ್ಟಿ ನೋಡುವವರು ಹೇಗೂ ಮುಟ್ಟಿಯೇ ಕೊಳ್ಳುತ್ತಾರೆ.